ಸೊಳ್ಳೆ ಅರ್ಧಕ್ಕೆ ಇಳಿದರೂ ಮಲೇರಿಯಾ ಯಾಕೆ ಇಳಿಯುತ್ತಿಲ್ಲ? ರಾಸ್–ಮೆಕ್‌ಡೊನಾಲ್ಡ್ ಮಾದರಿ ಬಗ್ಗೆ ಒಂದು ಪ್ರಶ್ನೆ

ಗಣಿತದ_ಗೀಳು

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಮಲೇರಿಯಾ ಹರಡುವ ಗಣಿತ ಮಾದರಿ ತಗೊಂಡಿದ್ದೇನೆ. ರಾಸ್–ಮೆಕ್‌ಡೊನಾಲ್ಡ್ ಮಾದರಿಯಿಂದ ಶುರು ಮಾಡಿದೆ. ಎರಡೇ ಸಮೀಕರಣ. ಜನರಲ್ಲಿ ಎಷ್ಟು ಪಾಲಿಗೆ ಸೋಂಕಿದೆ ಅಂತ ಒಂದು, ಸೊಳ್ಳೆಗಳಲ್ಲಿ ಎಷ್ಟು ಪಾಲಿಗೆ ಅಂತ ಇನ್ನೊಂದು.

ನಾನು ಹಾಕಿದ ಬೆಲೆಗಳು ಹೀಗಿವೆ.

ಎಂ = 10. ತಲೆಗೆ ಇಷ್ಟು ಹೆಣ್ಣು ಅನಾಫಿಲಿಸ್ (ಮಲೇರಿಯಾ ಹರಡುವ ಜಾತಿ) ಸೊಳ್ಳೆ.
ಎ = 0.3. ಒಂದು ಸೊಳ್ಳೆ ದಿನಕ್ಕೆ ಮನುಷ್ಯರನ್ನು ಕಚ್ಚುವ ಸರಾಸರಿ. ಹೆಚ್ಚುಕಡಿಮೆ ಮೂರು ದಿನಕ್ಕೊಮ್ಮೆ.
ಬಿ = 0.3. ರೋಗ ಹೊತ್ತ ಸೊಳ್ಳೆ ಕಚ್ಚಿದಾಗ ಮನುಷ್ಯನಿಗೆ ತಗಲುವ ಸಂಭವ.
ಸಿ = 0.5. ಸೋಂಕಿರುವ ಮನುಷ್ಯನನ್ನು ಕಚ್ಚಿದ ಸೊಳ್ಳೆಗೆ ತಗಲುವ ಸಂಭವ.
ಜಿ = 0.1. ಸೊಳ್ಳೆ ಸಾಯುವ ದರ, ದಿನಕ್ಕೆ.
ಎನ್ = 12. ಸೊಳ್ಳೆಯೊಳಗೆ ರೋಗಾಣು ಬಲಿಯಲು ಬೇಕಾದ ದಿನಗಳು.
ಆರ್ = 0.01. ಮನುಷ್ಯ ಗುಣವಾಗುವ ದರ. ಅಂದರೆ ಸೋಂಕು ಸರಾಸರಿ 100 ದಿನ ಇರುತ್ತದೆ.

ಓಡಿಸಿದರೆ ಜನರಲ್ಲಿ ಸೋಂಕು 94%ಕ್ಕೆ ಹೋಗಿ ನಿಲ್ಲುತ್ತದೆ. ಆಮೇಲೆ ಎಂ ಅನ್ನು 10ರಿಂದ 5ಕ್ಕೆ ಇಳಿಸಿದೆ. ಅರ್ಧ ಸೊಳ್ಳೆ ಇಲ್ಲವಾದ ಹಾಗೆ. ಸೋಂಕು ಇಳಿದದ್ದು 89%ಕ್ಕೆ. ಅಷ್ಟೇ! ಕಾಗದದ ಮೇಲೆ ಬಿಡಿಸಿದರೂ ಅದೇ ಉತ್ತರ ಬರುತ್ತದೆ, ಹಾಗಾಗಿ ಕೋಡ್ ಸರಿ ಇದೆ. ನನ್ನ ಪ್ರಶ್ನೆ ಬೇರೆ. ಅರ್ಧ ಸೊಳ್ಳೆ ಹೋದರೂ ಇಷ್ಟೇ ಲಾಭ ಅಂದರೆ ಈ ಮಾದರಿ ನಮಗೆ ನಿಜವಾಗಿ ಏನು ಹೇಳುತ್ತಿದೆ?

ಕೋಡು_ಕಾಗುಣಿತ

ಒಳ್ಳೆ ಪ್ರಶ್ನೆ. ಮೊದಲು ಆರ್-ಶೂನ್ಯ ಲೆಕ್ಕ ಹಾಕಿ ನೋಡಿ. ಯಾರಿಗೂ ಸೋಂಕಿಲ್ಲದ ಊರಿಗೆ ಸೋಂಕಿರುವ ಒಬ್ಬರು ಬಂದರೆ, ಅವರಿಂದ ಸೊಳ್ಳೆಗಳ ಮೂಲಕ ಒಟ್ಟು ಎಷ್ಟು ಜನಕ್ಕೆ ತಗಲುತ್ತದೆ ಅನ್ನುವ ಸಂಖ್ಯೆ ಅದು. ಸೂತ್ರ ಹೀಗೆ:

ಆರ್-ಶೂನ್ಯ = ಎಂ × ಎ² × ಬಿ × ಸಿ × ಉಳಿವು ÷ (ಆರ್ × ಜಿ)

ಇಲ್ಲಿ "ಉಳಿವು" ಅಂದರೆ ಸೊಳ್ಳೆ ಆ 12 ದಿನ ಸಾಯದೆ ಇರುವ ಸಂಭವ. ನಿಮ್ಮ ಬೆಲೆಗಳಲ್ಲಿ ಅದು 0.30. ಎಲ್ಲ ಸೇರಿಸಿದರೆ ಆರ್-ಶೂನ್ಯ ಸುಮಾರು 41 ಬರುತ್ತದೆ.

ಎಂ ಅರ್ಧ ಮಾಡಿದಾಗ ಅದು 20 ಆಯಿತು. ರೋಗ ನಿಲ್ಲೋದು ಅದು 1ಕ್ಕಿಂತ ಕೆಳಗೆ ಹೋದಾಗ. 41ರಿಂದ 20ಕ್ಕೆ ಬಂದರೂ ಒಬ್ಬರಿಂದ 20 ಜನಕ್ಕೆ ಹೋಗುತ್ತಲೇ ಇದೆ, ಅಲ್ವಾ? ಊರಲ್ಲಿ ಬಹುತೇಕ ಎಲ್ಲರಿಗೂ ಆಗಲೇ ಸೋಂಕಿದೆ. ಆ ಹೆಚ್ಚಿನ ಕಡಿತಗಳೆಲ್ಲ ಸೋಂಕಿರುವವರ ಮೇಲೇ ಬೀಳುತ್ತಿದ್ದವು. ಅವು ಕಡಿಮೆಯಾದರೂ ಸೋಂಕಿತರ ಪಾಲಿನಲ್ಲಿ ವ್ಯತ್ಯಾಸ ಕಾಣೋದಿಲ್ಲ.

ಇನ್ನೂ ಕೆಳಗಿಳಿಸಿ ನೋಡಿ. ಎಂ = 1 ಆದರೆ ಸೋಂಕು 55%. ಎಂ = 0.5 ಆದರೆ 29%. ಎಂ = 0.25ಕ್ಕೆ ಬಂದರೆ 1%ಗಿಂತ ಕಡಿಮೆ. ಅದರ ಸ್ವಲ್ಪವೇ ಕೆಳಗೆ ರೋಗ ತಾನಾಗಿ ಅಳಿಯುತ್ತದೆ. ಗ್ರಾಫ್ ಎಳೆದರೆ ಬಲಗಡೆ ಉದ್ದಕ್ಕೂ ಚಪ್ಪಟೆ, ಎಡತುದಿಯಲ್ಲಿ ಕಡಿದಾದ ಇಳಿಜಾರು. ನೀವು ಈಗ ನಿಂತಿರೋದು ಚಪ್ಪಟೆ ಭಾಗದಲ್ಲಿ.

ಇನ್ನೊಂದು ಮಾತು. ಸೋಂಕಿತರ ಪಾಲನ್ನು ಮಾತ್ರ ಪ್ಲಾಟ್ ಮಾಡಬೇಡಿ. ಒಬ್ಬ ಮನುಷ್ಯನಿಗೆ ವರ್ಷಕ್ಕೆ ರೋಗ ಹೊತ್ತ ಸೊಳ್ಳೆಯ ಕಡಿತ ಎಷ್ಟು ಬೀಳುತ್ತದೆ ಅಂತಲೂ ನೋಡಿ. ನಿಮ್ಮ ಮೊದಲ ಲೆಕ್ಕದಲ್ಲಿ ಅದು ಸುಮಾರು 190. ಸೊಳ್ಳೆ ಅರ್ಧವಾದಾಗ ಸುಮಾರು 94. ಅದು ನಿಜವಾಗಿಯೂ ಅರ್ಧವಾಗಿದೆ. ರಕ್ತ ಪರೀಕ್ಷೆಯಲ್ಲಿ ಮಾತ್ರ ಅದು ಕಾಣುತ್ತಿಲ್ಲ.

ಗಣಿತದ_ಗೀಳು

ಈಗ ಅರ್ಥವಾಯಿತು, ತುಂಬಾ ಥ್ಯಾಂಕ್ಸ್. ಆದರೆ 41 ಅನ್ನೋದು ಅತಿಯಾಯಿತು ಅಲ್ವಾ? ದಡಾರಕ್ಕೇ 12ರಿಂದ 18 ಅಂತ ಓದಿದ್ದೇನೆ.

ಕೋಡು_ಕಾಗುಣಿತ

ಅತಿಯಲ್ಲ. 2007ರಲ್ಲಿ ಡೇವಿಡ್ ಸ್ಮಿತ್ ಮತ್ತು ಜೊತೆಗಾರರು ಆಫ್ರಿಕಾದ 121 ಕಡೆಗಳ ಅಂಕಿಗಳಿಂದ ಲೆಕ್ಕ ಹಾಕಿದ್ದರು. ಹೆಚ್ಚುಕಡಿಮೆ 1ರಿಂದ ಹಿಡಿದು 3000ಕ್ಕೂ ಮೇಲೆ ಬಂದಿತ್ತು. ಸೊಳ್ಳೆ ಒಬ್ಬರಾದ ಮೇಲೆ ಇನ್ನೊಬ್ಬರನ್ನು ಹುಡುಕಿಕೊಂಡು ಹೋಗಿ ಕಚ್ಚುತ್ತದೆ. ಸೋಂಕೂ ತಿಂಗಳುಗಟ್ಟಲೆ ಉಳಿಯುತ್ತದೆ. ದಡಾರದಂಥ ಕಾಯಿಲೆಯ ಅಳತೆಗೋಲು ಇಲ್ಲಿ ಸಾಲದು.

ಸೊಳ್ಳೆ_ವಿಚಾರ

ನಾನು ಕೀಟಶಾಸ್ತ್ರದ ಕಡೆಯಿಂದ ಬಂದವಳು. ಈ ಸೂತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಎಂ ಅಲ್ಲ. ಸೊಳ್ಳೆಯ ವಯಸ್ಸು. ಎಷ್ಟು ಸೊಳ್ಳೆ ಇವೆ ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ಮುದಿ ಸೊಳ್ಳೆ ಇವೆ ಅಂತ ಕೇಳಬೇಕು.

ಯಾಕೆ ಅಂದರೆ, ಸೋಂಕಿರುವವರ ರಕ್ತ ಕುಡಿದ ಕೂಡಲೇ ಸೊಳ್ಳೆ ಅಪಾಯಕಾರಿ ಆಗೋದಿಲ್ಲ. ಆ ರಕ್ತದಲ್ಲಿ ಬಂದ ಗ್ಯಾಮಿಟೋಸೈಟ್‌ಗಳು (ರೋಗಾಣುವಿನ ಗಂಡು, ಹೆಣ್ಣು ರೂಪಗಳು) ಅದರ ಹೊಟ್ಟೆಯಲ್ಲಿ ಕೂಡಬೇಕು. ಹೊಟ್ಟೆಯ ಗೋಡೆ ದಾಟಿ ಊಸಿಸ್ಟ್ ಅನ್ನುವ ಗುಳ್ಳೆ ಕಟ್ಟಬೇಕು. ಅದು ಒಡೆದು ಸ್ಪೋರೋಜಾಯ್ಟ್‌ಗಳು (ಮನುಷ್ಯರಿಗೆ ತಗಲುವ ರೂಪ) ಹೊರಬಂದು ಜೊಲ್ಲು ಗ್ರಂಥಿ ಸೇರಬೇಕು. ಇಷ್ಟಕ್ಕೆ ಹತ್ತು ಹನ್ನೆರಡು ದಿನ ಬೇಕು. ಕಾಡಿನಲ್ಲಿ, ಮನೆಯಲ್ಲಿ ಬದುಕುವ ಬಹುಪಾಲು ಸೊಳ್ಳೆಗಳು ಅಷ್ಟರೊಳಗೆ ಸತ್ತಿರುತ್ತವೆ. ಮಲೇರಿಯಾ ಹಬ್ಬಿಸೋದು ಉಳಿದ ಆ ಕೆಲವು ಮಾತ್ರ.

ಲೆಕ್ಕ ನೋಡಿ. ದಿನಕ್ಕೆ ನೂರರಲ್ಲಿ 90 ಸೊಳ್ಳೆ ಬದುಕಿ ಉಳಿದರೆ, 12 ದಿನ ದಾಟುವವು ನೂರಕ್ಕೆ 28. ದಿನಕ್ಕೆ 80 ಉಳಿದರೆ 12 ದಿನ ದಾಟುವವು ನೂರಕ್ಕೆ 7 ಮಾತ್ರ. ದಾಟಿದ ಮೇಲೂ ಅವು ಮೊದಲಿನಷ್ಟು ದಿನ ಬದುಕೋದಿಲ್ಲ. ಎರಡೂ ಸೇರಿದರೆ ಆರ್-ಶೂನ್ಯ ಸುಮಾರು ಒಂಬತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಸೊಳ್ಳೆಯ ಸರಾಸರಿ ಆಯಸ್ಸು ಇಲ್ಲಿ ಒಂಬತ್ತೂವರೆ ದಿನದಿಂದ ನಾಲ್ಕೂವರೆ ದಿನಕ್ಕೆ ಬಂತು, ಅಂದರೆ ಅರ್ಧ. ಸಂಖ್ಯೆ ಅರ್ಧವಾದರೆ ಅರ್ಧ ಲಾಭ. ಆಯಸ್ಸು ಅರ್ಧವಾದರೆ ಒಂಬತ್ತು ಪಟ್ಟು.

ಹಾಗಾದರೆ ಸೊಳ್ಳೆಗೆ ಎಷ್ಟು ವಯಸ್ಸು ಅಂತ ತಿಳಿಯೋದು ಹೇಗೆ? ಇದಕ್ಕೆ ಸೋವಿಯತ್ ವಿಜ್ಞಾನಿ ಡೆಟಿನೋವಾ ಬಳಕೆಗೆ ತಂದ ಒಂದು ವಿಧಾನ ಇದೆ. ಹಿಡಿದ ಹೆಣ್ಣು ಸೊಳ್ಳೆಯ ಹೊಟ್ಟೆಯ ತುದಿ ಬಿಡಿಸಿ ಅಂಡಾಶಯ ಹೊರತೆಗೆಯುತ್ತೇವೆ. ಸ್ಲೈಡ್ ಮೇಲೆ ಒಂದು ಹನಿ ಶುದ್ಧ ನೀರಿನಲ್ಲಿಟ್ಟು ಒಣಗಲು ಬಿಡುತ್ತೇವೆ. ಆಮೇಲೆ ಮೈಕ್ರೋಸ್ಕೋಪ್ ಕೆಳಗೆ ನೋಡಿದರೆ ಉಸಿರಾಟದ ಸಣ್ಣ ನಳಿಕೆಗಳ ತುದಿ ಕಾಣುತ್ತದೆ. ಒಮ್ಮೆಯೂ ಮೊಟ್ಟೆ ಇಡದ ಸೊಳ್ಳೆಯಲ್ಲಿ ಆ ತುದಿಗಳು ನೂಲಿನ ಲಡಿಯ ಹಾಗೆ ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ಒಮ್ಮೆ ಮೊಟ್ಟೆ ಬೆಳೆದು ಅಂಡಾಶಯ ಹಿಗ್ಗಿತು ಅಂದರೆ ಆ ಸುತ್ತು ಬಿಚ್ಚಿಕೊಳ್ಳುತ್ತದೆ. ಮತ್ತೆ ಸುತ್ತಿಕೊಳ್ಳೋದಿಲ್ಲ.

ಹೀಗೆ ನೂರು ಸೊಳ್ಳೆ ನೋಡಿ, 73 ಮೊಟ್ಟೆ ಇಟ್ಟವು ಅಂತ ಸಿಕ್ಕಿತು ಅನ್ನೋಣ. ಸೊಳ್ಳೆ ಪ್ಯೂಪಾದಿಂದ ಹೊರಬಂದದ್ದರಿಂದ ಮೊದಲ ಸಲ ಮೊಟ್ಟೆ ಇಡುವವರೆಗೆ ಮೂರು ದಿನ ಅಂತಿದ್ದರೆ, 0.73ರ ಘನಮೂಲ 0.9. ದಿನದ ಉಳಿವು ಸಿಕ್ಕಿತು! ನೂರರಲ್ಲಿ 51 ಮಾತ್ರ ಮೊಟ್ಟೆ ಇಟ್ಟಿದ್ದರೆ ಉಳಿವು 0.8. ನಿಮ್ಮ ಸೂತ್ರದ ಜಿ ಅನ್ನೋದು ಸುಮ್ನೆ ಊಹಿಸಿದ ಅಂಕಿಯಲ್ಲ. ಯಾರೋ ಕಣ್ಣು ನೋಯುವಷ್ಟು ಹೊತ್ತು ಮೈಕ್ರೋಸ್ಕೋಪ್ ಮುಂದೆ ಕೂತು ತೆಗೆದದ್ದು.

ಹಳೆ_ಪುಟ

ಈ ಮಾತಿನ ಹಿಂದೆ ದೊಡ್ಡ ಚರಿತ್ರೆ ಇದೆ. ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದ್‌ನಲ್ಲಿ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಆ ಊಸಿಸ್ಟ್‌ಗಳನ್ನು ಕಂಡರು. 1902ರಲ್ಲಿ ನೊಬೆಲ್ ಬಂತು. ಅಲ್ಲಿಗೆ ನಿಲ್ಲಲಿಲ್ಲ ಆ ಮನುಷ್ಯ. ಸೊಳ್ಳೆ ಕಡಿಮೆ ಮಾಡಿದರೆ ಮಲೇರಿಯಾ ಕಡಿಮೆಯಾಗುತ್ತದೆ ಅಂದಾಗ, ಎಲ್ಲ ಸೊಳ್ಳೆಯನ್ನೂ ಕೊಲ್ಲಲು ಆಗುತ್ತದೆಯೇ ಅಂತ ಜನ ಕೇಳಿದರು. ಅದಕ್ಕೆ ಉತ್ತರವಾಗಿಯೇ ಗಣಿತ ಹಿಡಿದರು. 1908ರ ಮಾರಿಷಸ್ ವರದಿಯಲ್ಲಿ ಮೊದಲ ಲೆಕ್ಕ ಬಂತು. 1911ರಲ್ಲಿ ಸಮೀಕರಣಗಳ ರೂಪ ಬಂತು. ಎಲ್ಲ ಸೊಳ್ಳೆ ಸಾಯಬೇಕಿಲ್ಲ, ಒಂದು ಮಿತಿಯ ಕೆಳಗೆ ಇಳಿದರೆ ಸಾಕು ಅನ್ನೋದು ಅವರ ಉತ್ತರ. ನೀವು ಎಂ = 0.25ರ ಹತ್ತಿರ ಕಂಡ ಮಿತಿ ಅದೇ.

ವಯಸ್ಸಿನ ವಿಷಯ ಮುಂದೆ ತಂದವರು ಜಾರ್ಜ್ ಮೆಕ್‌ಡೊನಾಲ್ಡ್, 1950ರ ದಶಕದಲ್ಲಿ. ಲಾರ್ವಾ ಕೊಂದರೆ ಎಂ ಮಾತ್ರ ಇಳಿಯುತ್ತದೆ. ಬೆಳೆದ ಸೊಳ್ಳೆಯನ್ನು ಕೊಂದರೆ ಉಳಿವು ಇಳಿಯುತ್ತದೆ, ಅದರ ಪರಿಣಾಮ ಎಷ್ಟೋ ಪಟ್ಟು ದೊಡ್ಡದು ಅಂತ ತೋರಿಸಿದರು. ರಕ್ತ ಕುಡಿದ ಸೊಳ್ಳೆ ಗೋಡೆ ಮೇಲೆ ಕೂತು ವಿಶ್ರಾಂತಿ ಪಡೆಯುತ್ತದೆ. ಆ ಗೋಡೆಗೆ ಡಿಡಿಟಿ ಹೊಡೆಯುವ ಯೋಜನೆಗೆ ಈ ಲೆಕ್ಕ ದೊಡ್ಡ ಆಧಾರ ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನಿರ್ಮೂಲನ ಕಾರ್ಯಕ್ರಮ ನಡೆದದ್ದು 1955ರಿಂದ 1969ರವರೆಗೆ. ಕೆಲವು ದೇಶಗಳಲ್ಲಿ ರೋಗ ಹೋಯಿತು. ಆಫ್ರಿಕಾದ ಬಹುಭಾಗವನ್ನು ಆ ಕಾರ್ಯಕ್ರಮ ಸರಿಯಾಗಿ ಮುಟ್ಟಲೇ ಇಲ್ಲ ಅನ್ನೋದು ನನಗೆ ಇವತ್ತಿಗೂ ನೋವಿನ ವಿಷಯ.

ಗಣಿತದ_ಗೀಳು

ಸೊಳ್ಳೆ_ವಿಚಾರ ಮೇಡಂ, ನಿಮ್ಮ ಪೋಸ್ಟ್ ಓದಿ ಔಷಧಿ ಹಚ್ಚಿದ ಸೊಳ್ಳೆ ಪರದೆಯ ಪರಿಣಾಮ ಹಾಕಿ ನೋಡಿದೆ. ಪರದೆಯಿಂದ ಕಚ್ಚೋದು ಕಡಿಮೆಯಾಗುತ್ತದೆ, ಎ 0.3ರಿಂದ 0.2. ಸಾಯೋದು ಜಾಸ್ತಿಯಾಗುತ್ತದೆ, ಜಿ 0.1ರಿಂದ 0.2. ಎಂ 10ರಲ್ಲೇ ಬಿಟ್ಟೆ. ಆರ್-ಶೂನ್ಯ 41ರಿಂದ 2.7ಕ್ಕೆ ಬಿತ್ತು! ಸೋಂಕು 94%ರಿಂದ 53%ಕ್ಕೆ. ಒಂದು ಸೊಳ್ಳೆಯನ್ನೂ ಲೆಕ್ಕದಿಂದ ತೆಗೆಯದೆ.

ಸೊಳ್ಳೆ_ವಿಚಾರ

ತುಂಬಾ ಚೆನ್ನಾಗಿದೆ. ಸೂತ್ರದಲ್ಲಿ ಎ ಅನ್ನೋದು ವರ್ಗವಾಗಿ (ಎ²) ಇರೋದರಿಂದ ಪರದೆಗೆ ಅಷ್ಟು ಬಲ. ಸೊಳ್ಳೆ ರೋಗ ಹಬ್ಬಿಸಲು ಎರಡು ಸಲ ಮನುಷ್ಯರನ್ನು ಕಚ್ಚಬೇಕು. ತಗೊಳ್ಳಲು ಒಮ್ಮೆ, ಕೊಡಲು ಒಮ್ಮೆ. ಕಡಿತ ಕಡಿಮೆಯಾದರೆ ಎರಡು ಕಡೆಯೂ ಏಟು ಬೀಳುತ್ತದೆ.

ಒಂದು ತಿದ್ದುಪಡಿ ಮಾಡಿ. ದಿನಕ್ಕೆ ಹೊಸದಾಗಿ ಹುಟ್ಟುವ ಸೊಳ್ಳೆ ಅಷ್ಟೇ ಇದ್ದು, ಸಾಯುವ ದರ ದುಪ್ಪಟ್ಟಾದರೆ, ಯಾವ ಹೊತ್ತಿಗೂ ಇರುವ ಸೊಳ್ಳೆ ಅರ್ಧವೇ ಆಗಬೇಕು. ಎಂ ಕೂಡ 5 ಆಗುತ್ತದೆ. ಪರದೆ ಹಾಕಿಕೊಳ್ಳದವರಿಗೂ ಇದರ ಲಾಭ ಸಿಗುತ್ತದೆ.

ಗಣಿತದ_ಗೀಳು

ಎಂ = 5 ಹಾಕಿದೆ. ಆರ್-ಶೂನ್ಯ 1.36, ಸೋಂಕು 19%. ಮೊದಲು ಎಂ ಅರ್ಧ ಮಾಡಿದಾಗ 94ರಿಂದ 89. ಈಗ ಅದೇ ಅರ್ಧ 53ರಿಂದ 19ಕ್ಕೆ ಇಳಿಸಿತು. ಚಪ್ಪಟೆ ಭಾಗ, ಕಡಿದಾದ ಭಾಗ ಅಂದದ್ದು ಇದೇ ಅಲ್ವಾ.

ಕೋಡು_ಕಾಗುಣಿತ

ಅದೇ. ಲಾರ್ವಾ ಕೊಲ್ಲುವ ಕೆಲಸ ವ್ಯರ್ಥ ಅಂತ ಯಾರೂ ತೀರ್ಮಾನಿಸಬಾರದು ಅಂತಲೇ ನಾನು ಈ ಗ್ರಾಫ್ ಎಲ್ಲರಿಗೂ ತೋರಿಸುತ್ತೇನೆ. ಪರದೆಯ ಜೊತೆ ಸೇರಿದಾಗ ಅದಕ್ಕೆ ಬೆಲೆ ಬರುತ್ತದೆ. ಪರದೆಯ ಬಲ ಬರೀ ಲೆಕ್ಕದಲ್ಲಿ ಇರೋದೂ ಅಲ್ಲ. 2000ದಿಂದ 2015ರವರೆಗೆ ಆಫ್ರಿಕಾದಲ್ಲಿ ನಿಯಂತ್ರಣ ಕೆಲಸಗಳಿಂದ ತಪ್ಪಿದ ಮಲೇರಿಯಾ ಪ್ರಕರಣ ಸುಮಾರು 66 ಕೋಟಿ, ಅದರಲ್ಲಿ 68% ಪರದೆಗಳಿಂದ ಅಂತ 2015ರ ಅಧ್ಯಯನ ಅಂದಾಜು ಮಾಡಿದೆ.

ಸಮಯದ ಅಕ್ಷವನ್ನೂ ನೋಡಿ. ನಿಮ್ಮ ಆರ್ 0.01 ಆದ್ದರಿಂದ, ನಾಳೆಯಿಂದ ಒಂದೂ ಸೊಳ್ಳೆ ಕಚ್ಚದಿದ್ದರೂ ಸೋಂಕು ಅರ್ಧಕ್ಕೆ ಇಳಿಯಲು 69 ದಿನ ಬೇಕು. ಮೆಕ್‌ಡೊನಾಲ್ಡ್ ಬಳಸಿದ 0.005 ಹಾಕಿದರೆ ಸುಮಾರು 139 ದಿನ. ಒಂದು ತಿಂಗಳಿಗೆ ಸಮೀಕ್ಷೆ ಮಾಡಿ "ಫಲ ಇಲ್ಲ" ಅಂದುಬಿಟ್ಟರೆ ಅನ್ಯಾಯ.

ಸ್ಲೈಡ್_ನೋಟ

ಪ್ರಯೋಗಾಲಯದ ಕಡೆಯಿಂದ ಒಂದು ತಕರಾರು. ಗೀಳು ಅವರ ಮೊದಲ ಲೆಕ್ಕದಲ್ಲಿ ನೂರು ಸೊಳ್ಳೆಗೆ ಸುಮಾರು 18 ರೋಗ ಹಬ್ಬಿಸುವಂಥವು ಅಂತ ಬರುತ್ತದೆ. ನಾನೂ ಲೆಕ್ಕ ಹಾಕಿದೆ. ನಿಜವಾಗಿ ಹಿಡಿದ ಸೊಳ್ಳೆಗಳ ಜೊಲ್ಲು ಗ್ರಂಥಿ ನೋಡಿದರೆ ಸಾಮಾನ್ಯವಾಗಿ ಅಷ್ಟೊಂದು ಸಿಗೋದೇ ಇಲ್ಲ. ತುಂಬಾ ಕಡಿಮೆ.

ಕಾರಣ ಸಿ. ಸೋಂಕಿರುವ ಎಲ್ಲರೂ ಸೊಳ್ಳೆಗೆ ಒಂದೇ ಸಮ ರೋಗ ಕೊಡುತ್ತಾರೆ ಅಂತ ಮಾದರಿ ನಂಬುತ್ತದೆ. ನಿಜದಲ್ಲಿ ಹಾಗಿಲ್ಲ. ಮಲೇರಿಯಾ ಜಾಸ್ತಿ ಇರುವ ಕಡೆ ದೊಡ್ಡವರಿಗೆ ಮತ್ತೆ ಮತ್ತೆ ಸೋಂಕಾಗಿ ಒಂದಷ್ಟು ರೋಗನಿರೋಧಕ ಶಕ್ತಿ ಬಂದಿರುತ್ತದೆ. ರಕ್ತದಲ್ಲಿ ರೋಗಾಣು ಇರುತ್ತದೆ, ಆದರೆ ಕಡಿಮೆ. ಗ್ಯಾಮಿಟೋಸೈಟ್ ಇನ್ನೂ ಕಡಿಮೆ. ಎಷ್ಟೋ ಸಲ ಸ್ಲೈಡ್‌ನಲ್ಲಿ ಕಾಣೋದೇ ಇಲ್ಲ. ಜ್ವರವೂ ಇರೋದಿಲ್ಲ. ಚಿಕ್ಕ ಮಕ್ಕಳಿಗೆ ಆ ರಕ್ಷಣೆ ಇಲ್ಲ, ಸಾಯುವವರಲ್ಲಿ ಬಹುಪಾಲು ಅವರೇ. 2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5.97 ಲಕ್ಷ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ವಯಸ್ಸಿನ ಗುಂಪುಗಳಿಲ್ಲದ ಮಾದರಿಯಲ್ಲಿ ಈ ಮಕ್ಕಳು ಕಾಣೋದೇ ಇಲ್ಲ. ನನಗೆ ಅದು ಸರಿ ಅನ್ನಿಸೋದಿಲ್ಲ.

ನೈಜೀರಿಯಾದ ಉತ್ತರದಲ್ಲಿ ನಡೆದ ಗಾರ್ಕಿ ಯೋಜನೆ ಬಗ್ಗೆ ಓದಿ. 1969ರಲ್ಲಿ ಶುರುವಾಯಿತು. ಮನೆಗಳಿಗೆ ಪ್ರೊಪೋಕ್ಸರ್ ಅನ್ನುವ ಕೀಟನಾಶಕ ಹೊಡೆದರು, ಜನರಿಗೆ ಸಾಮೂಹಿಕವಾಗಿ ಮಾತ್ರೆ ಕೊಟ್ಟರು. ಸೋಂಕು ಇಳಿಯಿತು, ಆದರೆ ಹರಡುವಿಕೆ ನಿಲ್ಲಲಿಲ್ಲ. ಅಲ್ಲಿಯ ಕೆಲಸಕ್ಕಾಗಿ ಡೀಟ್ಜ್, ಮೋಲಿನೋ, ಥಾಮಸ್ ಸೇರಿ 1974ರಲ್ಲಿ ಕಟ್ಟಿದ ಮಾದರಿ ರೋಗನಿರೋಧಕ ಶಕ್ತಿ ಇರುವವರನ್ನೂ ಇಲ್ಲದವರನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟಿತು. ಇವತ್ತಿನ ದೊಡ್ಡ ಮಾದರಿಗಳು ಆ ದಾರಿಯನ್ನೇ ಮುಂದುವರಿಸಿವೆ.

ಕೋಡು_ಕಾಗುಣಿತ

ಒಪ್ಪಿದೆ. ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ಸೊಳ್ಳೆ ಎಲ್ಲರನ್ನೂ ಸಮನಾಗಿ ಕಚ್ಚೋದಿಲ್ಲ. 20% ಜನರಿಗೆ 80% ಕಡಿತ ಬೀಳುತ್ತದೆ ಅನ್ನೋಣ. ಸರಾಸರಿ ಕಡಿತ ಮೊದಲಿನಷ್ಟೇ. ಆದರೆ ಆ 20% ಜನ ಸೋಂಕು ತಗೊಳ್ಳೋದರಲ್ಲೂ ನಾಲ್ಕು ಪಟ್ಟು, ಸೊಳ್ಳೆಗೆ ಕೊಡೋದರಲ್ಲೂ ನಾಲ್ಕು ಪಟ್ಟು. ವರ್ಗದ ಸರಾಸರಿ ತೆಗೆದರೆ 0.2 × 16 ಮತ್ತು 0.8 × 0.0625 ಕೂಡಿ 3.25. ಆರ್-ಶೂನ್ಯ 3.25 ಪಟ್ಟು ಏರಿತು. ಪರದೆ ಹಂಚುವಾಗ ಈ 20% ಜನ ತಪ್ಪಿಹೋದರೆ, ಉಳಿದ 80% ಜನಕ್ಕೆ ಕೊಟ್ಟರೂ ರೋಗ ಹಿಡಿದುಕೊಂಡೇ ಇರುತ್ತದೆ.

ಹೊಸ_ಓದು

ಮಧ್ಯೆ ಬರುತ್ತಿದ್ದೇನೆ. ನಮ್ಮ ಕ್ಲಾಸಿನಲ್ಲಿ ನೆಕ್ಸ್ಟ್-ಜನರೇಷನ್ ಮ್ಯಾಟ್ರಿಕ್ಸ್ ಬಳಸಿ ಆರ್-ಶೂನ್ಯ ತೆಗೆದೆವು. ಇದೇ ಬೆಲೆಗಳಿಗೆ ನನಗೆ 6.4 ಬಂತು, 41 ಅಲ್ಲ. ಯಾವುದು ಸರಿ?

ಕೋಡು_ಕಾಗುಣಿತ

ಎರಡೂ ಸರಿ. 6.4 ಅನ್ನೋದು 41ರ ವರ್ಗಮೂಲ. ಆ ಮ್ಯಾಟ್ರಿಕ್ಸ್ ಮನುಷ್ಯನಿಂದ ಸೊಳ್ಳೆಗೆ ಹೋಗೋದನ್ನು ಒಂದು ತಲೆಮಾರು, ಸೊಳ್ಳೆಯಿಂದ ಮನುಷ್ಯನಿಗೆ ಬರೋದನ್ನು ಇನ್ನೊಂದು ತಲೆಮಾರು ಅಂತ ಎಣಿಸುತ್ತದೆ. ಮೆಕ್‌ಡೊನಾಲ್ಡ್ ಸೂತ್ರ ಮನುಷ್ಯನಿಂದ ಮನುಷ್ಯನವರೆಗೆ ಇಡೀ ಸುತ್ತು ಎಣಿಸುತ್ತದೆ. 1ರ ಮಿತಿ ಎರಡರಲ್ಲೂ ಒಂದೇ. ಆದರೆ ವರದಿಯಲ್ಲಿ ಯಾವುದು ಬಳಸಿದಿರಿ ಅಂತ ಬರೆಯಲೇಬೇಕು. ಹರಡುವಿಕೆಯನ್ನು ಎಷ್ಟು ಪಟ್ಟು ತಗ್ಗಿಸಬೇಕು ಅಂತ ಹೇಳುವಾಗ 41 ಮತ್ತು 6.4ರ ನಡುವೆ ಗೊಂದಲವಾದರೆ ಯೋಜನೆಯೇ ತಲೆಕೆಳಗಾಗುತ್ತದೆ.

ಸೊಳ್ಳೆ_ವಿಚಾರ

ಎನ್ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳಿಬಿಡುತ್ತೇನೆ. ಅದು ಯಾವಾಗಲೂ 12 ಅಲ್ಲ. ಫಾಲ್ಸಿಪಾರಂ ಅನ್ನುವ ಮಲೇರಿಯಾ ರೋಗಾಣುವಿಗೆ ಹಳೆಯ ಒಂದು ಸೂತ್ರ ಇದೆ: 111 ಅನ್ನು (ಉಷ್ಣಾಂಶ − 16)ರಿಂದ ಭಾಗಿಸಿ. 25 ಡಿಗ್ರಿಯಲ್ಲಿ 12 ದಿನ. 20 ಡಿಗ್ರಿಯಲ್ಲಿ ಸುಮಾರು 28 ದಿನ. 18 ಡಿಗ್ರಿಯಲ್ಲಿ 55 ದಿನ, ಅಷ್ಟು ದಿನ ಬದುಕುವ ಸೊಳ್ಳೆ ಸಿಗೋದು ಕಷ್ಟ. ಹಾಗಂತ ಬಿಸಿ ಏರಿದಷ್ಟೂ ರೋಗ ಏರುತ್ತದೆ ಅಂತಲೂ ಅಲ್ಲ. ತುಂಬಾ ಬಿಸಿಯಲ್ಲಿ ಸೊಳ್ಳೆಯೇ ಬೇಗ ಸಾಯುತ್ತದೆ. ಎರಿನ್ ಮೊರ್ಡೆಕೈ ಮತ್ತು ಸಂಗಡಿಗರ 2013ರ ಮಾದರಿಯಲ್ಲಿ ಹರಡುವಿಕೆ ಉತ್ತುಂಗಕ್ಕೆ ಹೋಗೋದು 25 ಡಿಗ್ರಿಯ ಹತ್ತಿರ, 28 ದಾಟಿದರೆ ಜೋರಾಗಿ ಇಳಿಯುತ್ತದೆ. ಋತುಮಾನ ಸೇರಿಸುವಾಗ ಎಂ ಜೊತೆಗೆ ಎನ್, ಜಿ ಎರಡನ್ನೂ ಉಷ್ಣಾಂಶಕ್ಕೆ ಕಟ್ಟಿ.

ಗಣಿತದ_ಗೀಳು

ಖಂಡಿತ ಸೇರಿಸುತ್ತೇನೆ. ಕೊನೆಯದಾಗಿ ಒಂದು. ಇದೆಲ್ಲ ಫಾಲ್ಸಿಪಾರಂಗೆ ಅಂತ ಇಟ್ಟುಕೊಂಡಿದ್ದೇನೆ. ಇನ್ನೊಂದು ಮಲೇರಿಯಾ ರೋಗಾಣು ವೈವಾಕ್ಸ್‌ಗೂ ಬೆಲೆಗಳನ್ನು ಬದಲಿಸಿ ಇದೇ ಸಮೀಕರಣ ಓಡಿಸಬಹುದಾ?

ಸ್ಲೈಡ್_ನೋಟ

ಆಗೋದಿಲ್ಲ. ವೈವಾಕ್ಸ್ ರೋಗಾಣು ಹಿಪ್ನೋಜಾಯ್ಟ್ ರೂಪದಲ್ಲಿ ಯಕೃತ್ತಿನಲ್ಲಿ ಅಡಗಿ ಕೂರುತ್ತದೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಹೊಸದಾಗಿ ಸೊಳ್ಳೆ ಕಚ್ಚದಿದ್ದರೂ ಎದ್ದು ರಕ್ತಕ್ಕೆ ಬರುತ್ತದೆ. ಪಾಪುವಾ ನ್ಯೂಗಿನಿಯ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ವೈವಾಕ್ಸ್ ಸೋಂಕುಗಳಲ್ಲಿ ಐದಕ್ಕೆ ನಾಲ್ಕು ಹೀಗೆ ಮರುಕಳಿಸಿದವು ಅಂತ ಕಂಡುಬಂತು.

ಹಾಗಾಗಿ ಮೂರನೆಯ ಪೆಟ್ಟಿಗೆ ಬೇಕು: ರಕ್ತದಲ್ಲಿ ರೋಗಾಣು ಇಲ್ಲ, ಯಕೃತ್ತಿನಲ್ಲಿ ಇದೆ. ಅಲ್ಲಿಂದ ಸೋಂಕಿತರ ಪೆಟ್ಟಿಗೆಗೆ ಮರುಕಳಿಕೆಯ ದರದ ಒಂದು ಬಾಣ. ಹೊರಗೆ ಹೋಗುವ ಇನ್ನೊಂದು ಬಾಣ, ಯಕೃತ್ತು ತಾನಾಗಿ ಶುದ್ಧವಾಗೋದಕ್ಕೆ ಅಥವಾ ಯಕೃತ್ತಿನ ರೋಗಾಣು ಕೊಲ್ಲುವ ಪ್ರೈಮಾಕ್ವಿನ್ ಮಾತ್ರೆ ಕೊಟ್ಟಾಗ. ಪ್ರೈಮಾಕ್ವಿನ್ ಸಾಮಾನ್ಯವಾಗಿ 14 ದಿನದ ಕೋರ್ಸ್. ಜ್ವರ ಬಿಟ್ಟ ಮೇಲೆ ಮಾತ್ರೆ ನಿಲ್ಲಿಸುವವರು ಇದ್ದೇ ಇರುತ್ತಾರೆ, ಆ ಪಾಲನ್ನೂ ಒಂದು ಬೆಲೆಯಾಗಿ ಇಡಿ. ಆಮೇಲೆ ಎ ಸೊನ್ನೆ ಮಾಡಿ ಓಡಿಸಿ. ಮೊದಲಿನ ಮಾದರಿಯ ಗೆರೆ ತಡೆಯಿಲ್ಲದೆ ಇಳಿದುಹೋಗುತ್ತದೆ. ಇದರಲ್ಲಿ ಎಷ್ಟು ನಿಧಾನವಾಗಿ ಇಳಿಯುತ್ತದೆ ನೋಡಿ. ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಿ ಇಲ್ಲಿ ಹಂಚಿಕೊಳ್ಳಿ, ಮರುಕಳಿಕೆಯ ದರಕ್ಕೆ ಯಾವ ಬೆಲೆ ಹಾಕಬೇಕು ಅಂತ ಆಗ ಕೂತು ನೋಡೋಣ.